2096128ರ ಭಾಜಕಗಳನ್ನು ಕೈಯಲ್ಲಿ ಕೂಡಿದರೆ ಸರಿ ಬರುತ್ತದೆ, ಪ್ರೋಗ್ರಾಂ ಒಪ್ಪುತ್ತಿಲ್ಲ. ಎಲ್ಲಿ ತಪ್ಪಿದೆ?

ಪುಟಕ್ಕೊಂದು_ಸಂಖ್ಯೆ:

ಎಲ್ಲರಿಗೂ ನಮಸ್ಕಾರ. ಎರಡು ರಾತ್ರಿಯಿಂದ ಒಂದೇ ಸಂಖ್ಯೆಯ ಹಿಂದೆ ಬಿದ್ದಿದ್ದೇನೆ. ಗಂಟು ಬಿಚ್ಚುತ್ತಿಲ್ಲ.

ಮೊದಲು ನನ್ನ ಅಭ್ಯಾಸ ಹೇಳಿಬಿಡುತ್ತೇನೆ. ನನ್ನ ಹತ್ತಿರ ಒಂದು ದಪ್ಪ ನೋಟ್‌ಬುಕ್ ಇದೆ. ಪುಟಕ್ಕೊಂದು ಸಂಖ್ಯೆ. ತಲೆಬರಹದಲ್ಲಿ ಸಂಖ್ಯೆ, ಕೆಳಗೆ ಅದರ ಅಪವರ್ತನ, ಎಡಗಡೆ ಭಾಜಕಗಳ ಪಟ್ಟಿ, ಬಲಗಡೆ ಅದು ಯಾವ ಯಾವ ಗುಂಪಿಗೆ ಸೇರುತ್ತದೆ ಅಂತ. ಭಾಜಕಗಳನ್ನು ಕೂಡುವಾಗ ಆ ಸಂಖ್ಯೆಯನ್ನೇ ಬಿಟ್ಟು ಉಳಿದವನ್ನು ಮಾತ್ರ ಕೂಡುತ್ತೇನೆ. 10ಕ್ಕೆ 1 + 2 + 5 = 8. ಕಮ್ಮಿ ಬಂತು, ಅದು ಕೊರತೆ ಸಂಖ್ಯೆ. 12ಕ್ಕೆ 1 + 2 + 3 + 4 + 6 = 16. ಜಾಸ್ತಿ ಬಂತು, ಅಧಿಕ ಸಂಖ್ಯೆ. ಸರಿಯಾಗಿ ಅಷ್ಟೇ ಬಂದರೆ ಪರಿಪೂರ್ಣ ಸಂಖ್ಯೆ. ಅಂಥ ಪುಟಕ್ಕೆ ಮಾತ್ರ ಕೆಂಪು ಶಾಯಿಯಲ್ಲಿ ಗೆರೆ ಹಾಕುತ್ತೇನೆ. ಇಲ್ಲಿಯವರೆಗೆ ನಾಲ್ಕೇ ಪುಟಕ್ಕೆ ಆ ಗೆರೆ ಬಿದ್ದಿದೆ: 6, 28, 496, 8128.

ಈ ನಾಲ್ಕನ್ನೂ ಪಕ್ಕಪಕ್ಕ ಇಟ್ಟಾಗ ಒಂದು ಕ್ರಮ ಕಣ್ಣಿಗೆ ಬಿತ್ತು.

6 = 2 × 3
28 = 4 × 7
496 = 16 × 31
8128 = 64 × 127

ಮೊದಲನೆಯದು 2ರ ಘಾತ. ಎರಡನೆಯದು ಅದರ ಎರಡರಷ್ಟಕ್ಕೆ ಒಂದು ಕಮ್ಮಿ, ಮತ್ತು ಅವಿಭಾಜ್ಯ. ಹಾಗಾದರೆ ಮುಂದಿನದು? 255 ಆಗಲ್ಲ, 5ರಿಂದ ಹೋಗುತ್ತದೆ. 511 = 7 × 73, ಅದೂ ಇಲ್ಲ. 1023 ಮೂರರಿಂದ ಹೋಗುತ್ತದೆ. ಆಮೇಲೆ 2047.

2047ನ್ನು 3, 5, 7, 11, 13, 17, 19 ಇಷ್ಟರಿಂದಲೂ ಭಾಗಿಸಿದೆ. ಯಾವುದರಿಂದಲೂ ಹೋಗಲಿಲ್ಲ. ಅಷ್ಟರಲ್ಲಿ ಫರ್ಮಾ ಅನ್ನುವ ಗಣಿತಜ್ಞನ ನಿಯಮ ನೆನಪಾಯಿತು: ಅವಿಭಾಜ್ಯವಾಗಿದ್ದರೆ, 2ನ್ನು ಆ ಸಂಖ್ಯೆಗಿಂತ ಒಂದು ಕಮ್ಮಿ ಘಾತಕ್ಕೆ ಏರಿಸಿ ಅದರಿಂದಲೇ ಭಾಗಿಸಿದರೆ ಶೇಷ 1 ಬರಬೇಕು. 2²⁰⁴⁶ ತೆಗೆದುಕೊಂಡು 2047ರಿಂದ ಭಾಗಿಸಿದೆ. ಶೇಷ 1. ಭಾಗಾಕಾರ ಅಲ್ಲಿಗೆ ನಿಲ್ಲಿಸಿದೆ.

ಹಾಗಾಗಿ ಸಂಖ್ಯೆ 1024 × 2047 = 2096128. ಭಾಜಕಗಳು 1, 2, 4 ಅಂತ 1024ರವರೆಗೆ, ಮೊತ್ತ 2047. ಆಮೇಲೆ 2047, 4094, 8188 ಅಂತ 1048064ರವರೆಗೆ, ಮೊತ್ತ 2094081. ಎರಡನ್ನೂ ಕೂಡಿದರೆ 2096128. ಒಂದೂ ಹೆಚ್ಚಿಲ್ಲ, ಒಂದೂ ಕಮ್ಮಿಯಿಲ್ಲ. ಕೆಂಪು ಪೆನ್ನು ತೆಗೆದು ಗೆರೆ ಎಳೆದುಬಿಟ್ಟೆ.

ಮರುದಿನ ಸುಮ್ನೆ ಖಚಿತ ಮಾಡಿಕೊಳ್ಳೋಣ ಅಂತ ಆರು ಸಾಲಿನ ಪ್ರೋಗ್ರಾಂ ಬರೆದೆ. 1ರಿಂದ ಅರ್ಧದವರೆಗೆ ಒಂದೊಂದಾಗಿ ಭಾಗಿಸುವುದು, ಶೇಷ ಸೊನ್ನೆ ಬಂದರೆ ಕೂಡಿಕೊಳ್ಳುವುದು. 8128 ಕೊಟ್ಟರೆ 8128 ಬರುತ್ತದೆ, ಸರಿ. 2096128 ಕೊಟ್ಟರೆ 2325392 ಬರುತ್ತದೆ. 229264 ಜಾಸ್ತಿ! ಮೂರು ಸಲ ಓಡಿಸಿದೆ. ಕೈಲೆಕ್ಕವನ್ನೂ ಮೂರು ಸಲ ಮಾಡಿದೆ. ಎರಡೂ ಬದಲಾಗುತ್ತಿಲ್ಲ.

ಯಾರಾದರೂ ನೋಡಿ ಹೇಳುತ್ತೀರಾ?

ಶೇಷ_ಸೊನ್ನೆ:

ಪ್ರೋಗ್ರಾಂ ಸರಿ ಇದೆ. ನೀವು ಕೂಡಿದ್ದೂ ಸರಿ ಇದೆ. ಪಟ್ಟಿ ಪೂರ್ತಿ ಆಗಿಲ್ಲ.

ನೀವು 19ಕ್ಕೆ ನಿಲ್ಲಿಸಿದಿರಿ. ಅದರ ನಂತರದ ಅವಿಭಾಜ್ಯ 23. 23 × 90 = 2070. ಅದರಲ್ಲಿ ಒಂದು 23 ಕಳೆಯಿರಿ. 2047. ಅಂದರೆ 23 × 89.

2047ರ ವರ್ಗಮೂಲ 45ಕ್ಕಿಂತ ಸ್ವಲ್ಪ ಮೇಲೆ. ಭಾಗಿಸಿ ನೋಡುವುದಾದರೆ 43ರವರೆಗೆ ಹೋಗಲೇಬೇಕು.

ಪುಟಕ್ಕೊಂದು_ಸಂಖ್ಯೆ:

23! ಇನ್ನೊಂದೇ ಒಂದು ಭಾಗಾಕಾರ ಮಾಡಿದ್ದರೆ ಸಿಕ್ಕಿಬಿಡುತ್ತಿತ್ತು. ತುಂಬಾ ಥ್ಯಾಂಕ್ಸ್.

ಆದರೆ ನನಗೆ ಇನ್ನೂ ಎರಡು ವಿಷಯ ಅರ್ಥವಾಗಿಲ್ಲ. 2047 ಅವಿಭಾಜ್ಯ ಅಲ್ಲ ಅಂದಮೇಲೆ ಫರ್ಮಾ ಪರೀಕ್ಷೆಯಲ್ಲಿ ಶೇಷ 1 ಹೇಗೆ ಬಂತು? ಮತ್ತೆ, ಅರ್ಧ ಪಟ್ಟಿ ಕೂಡಿದರೂ ಮೊತ್ತ ಅಷ್ಟು ಕರಾರುವಾಕ್ಕಾಗಿ ಹೇಗೆ ಕೂತಿತು? ಇದು ನನ್ನನ್ನು ನಿದ್ದೆ ಮಾಡಲು ಬಿಡುತ್ತಿಲ್ಲ.

ಹಳೆಯ_ಲೆಕ್ಕ:

ನಿಮ್ಮ ಪ್ರಶ್ನೆ ಓದಿ ಬಹಳ ಖುಷಿಯಾಯಿತು. ಇದೇ ಸಂಖ್ಯೆಯ ಹತ್ತಿರ ಹಿಂದೆ ದೊಡ್ಡ ದೊಡ್ಡವರು ಎಡವಿದ್ದಾರೆ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಆ 229264. ನಿಮ್ಮ ಪಟ್ಟಿಯಲ್ಲಿ 21 ಭಾಜಕಗಳಿವೆ. ನಿಜವಾಗಿ 2096128 = 2¹⁰ × 23 × 89. ಇದಕ್ಕೆ ಒಟ್ಟು 11 × 2 × 2 = 44 ಭಾಜಕಗಳು, ಅದನ್ನೇ ಬಿಟ್ಟರೆ 43. ಬಿಟ್ಟುಹೋದವು 22. ಅವು ಯಾವುವು? 23, 46, 92 ಅಂತ ಎರಡರಷ್ಟಾಗುತ್ತಾ ಹನ್ನೊಂದು, 89, 178, 356 ಅಂತ ಇನ್ನೊಂದು ಹನ್ನೊಂದು. ಮೊದಲ ಸಾಲಿನ ಮೊತ್ತ 23 × 2047. ಎರಡನೆಯದರ ಮೊತ್ತ 89 × 2047. ಸೇರಿಸಿದರೆ 112 × 2047. ಗುಣಿಸಿ ನೋಡಿ: 229264. ನಿಮ್ಮ ಪ್ರೋಗ್ರಾಂ ತೋರಿಸಿದ ವ್ಯತ್ಯಾಸ ಅದೇ, ಒಂದಂಕಿ ಆಚೀಚೆ ಇಲ್ಲ. ಅಂದರೆ ಆ ಪುಟ ದಂಡವಾಗಿಲ್ಲ. 2096128 ಒಂದು ಅಧಿಕ ಸಂಖ್ಯೆ ಅಂತ ಬಲಗಡೆ ಬರೆದುಕೊಳ್ಳಿ.

ಮೊತ್ತ ಸರಿಯಾಗಿ ಕೂತಿದ್ದು ಕಾಕತಾಳೀಯ ಅಲ್ಲ. ನಿಮ್ಮ ಎರಡು ಸಾಲುಗಳ ಮೊತ್ತ 2047 + 2047 × 1023. ಅದು 2047 × 1024 ಆಗಲೇಬೇಕು. 2047 ಅವಿಭಾಜ್ಯವೋ ಅಲ್ಲವೋ, ಈ ಕೂಡುವಿಕೆಗೆ ಅದರ ಪರಿವೇ ಇಲ್ಲ. ಚಿಕ್ಕದರಲ್ಲಿ ನೋಡಿ. 8 × 15 = 120. ನಿಮ್ಮ ದಾರಿಯಲ್ಲೇ 1 + 2 + 4 + 8 + 15 + 30 + 60 ಕೂಡಿ. 120 ಬರುತ್ತದೆ! ಆದರೆ 3, 5, 6, 10 ಎಲ್ಲಾ ಎಲ್ಲಿ ಹೋದವು? ಅವನ್ನೂ ಸೇರಿಸಿದರೆ 240 ಆಗುತ್ತದೆ, ಸರಿಯಾಗಿ ಎರಡರಷ್ಟು. (120ಕ್ಕೂ ಒಂದು ಪುಟ ಕೊಡಿ, ಆ ಗುಣ ಇರುವ ಸಂಖ್ಯೆಗಳು ಬಹಳ ಕಮ್ಮಿ.) ಮೊತ್ತ ಹೊಂದಿದರೆ ಪಟ್ಟಿ ಪೂರ್ತಿಯಾಗಿದೆ ಅಂತ ಅರ್ಥವಲ್ಲ. ಪಟ್ಟಿ ಪೂರ್ತಿ ಅನ್ನುವುದನ್ನು ಬೇರೆಯಾಗಿ ತೋರಿಸಬೇಕು. ಆ ಕೆಲಸ ಮಾಡುವುದು 2047ರ ಅವಿಭಾಜ್ಯತೆ. ಇಲ್ಲಿ ಅದೇ ಇರಲಿಲ್ಲ.

ಈಗ ಫರ್ಮಾ ಪರೀಕ್ಷೆ. ನಿಯಮ ಒಂದೇ ದಿಕ್ಕಿನದು. ಅವಿಭಾಜ್ಯವಾಗಿದ್ದರೆ ಶೇಷ 1 ಬಂದೇ ಬರುತ್ತದೆ. ಆದರೆ ಶೇಷ 1 ಬಂದ ಮಾತ್ರಕ್ಕೆ ಅವಿಭಾಜ್ಯ ಅನ್ನುವ ಹಾಗಿಲ್ಲ. 341 = 11 × 31. ಅದೂ 2ರ ಪರೀಕ್ಷೆ ಪಾಸಾಗುತ್ತದೆ, ಹಾಗೆ ಪಾಸಾಗುವ ಸಂಯುಕ್ತ ಸಂಖ್ಯೆಗಳಲ್ಲಿ ಅದೇ ಅತಿ ಚಿಕ್ಕದು. 2047ರ ಕಥೆ ಇನ್ನೂ ಸೂಕ್ಷ್ಮ. 2¹¹ = 2048, ಅದನ್ನು 2047ರಿಂದ ಭಾಗಿಸಿದರೆ ಶೇಷ 1. ಹಾಗಾಗಿ ಘಾತ 11ರ ಅಪವರ್ತ್ಯ ಆದಾಗಲೆಲ್ಲ ಶೇಷ 1. 2046 = 11 × 186. ಮುಗಿಯಿತಲ್ಲ! ಹೀಗೆ ಅವಿಭಾಜ್ಯ ಘಾತದೊಂದಿಗೆ 2ರಿಂದಲೇ ಹುಟ್ಟಿದ ಸಂಖ್ಯೆಯನ್ನು 2ರಿಂದಲೇ ಪರೀಕ್ಷಿಸಿದರೆ ಅದು ಪಾಸಾಗದೆ ಇರುವುದಿಲ್ಲ. ಘಾತವನ್ನು ಅರ್ಧ ಮಾಡಿ ನೋಡುವ ಬಿಗಿಯಾದ ಪರೀಕ್ಷೆಯೊಂದಿದೆ. 2ನ್ನು ಇಟ್ಟುಕೊಂಡು ಮಾಡಿದರೆ 2047 ಅದರಲ್ಲೂ ಪಾಸ್. ಆ ಬಿಗಿ ಪರೀಕ್ಷೆಯನ್ನು ದಾಟುವ ಸಂಯುಕ್ತ ಸಂಖ್ಯೆಗಳಲ್ಲಿ ಅತಿ ಚಿಕ್ಕದು ನಿಮ್ಮ 2047ನೇ.

2ರ ಬದಲು 3 ಹಿಡಿಯಿರಿ. 3²⁰⁴⁶ನ್ನು 2047ರಿಂದ ಭಾಗಿಸಿದರೆ ಶೇಷ 1013. ಅಲ್ಲಿಗೆ ಗುಟ್ಟು ರಟ್ಟು.

ಪುಟಕ್ಕೊಂದು_ಸಂಖ್ಯೆ:

112 × 2047 ಗುಣಿಸಿ ನೋಡಿದೆ. ಆ 229264 ಹಾಗೇ ಮೂಡಿ ಬಂದಾಗ ನಿಜವಾಗಲೂ ರೋಮಾಂಚನ ಆಯಿತು. ಎರಡು ದಿನ ಅದನ್ನು ತಪ್ಪು ಅಂತ ನೋಡುತ್ತಿದ್ದೆ. ಅದರೊಳಗೆ 23 ಮತ್ತು 89 ಎರಡೂ ಕೂತಿದ್ದವು.

ಕೆಂಪು ಗೆರೆ ಹಾಗೇ ಬಿಟ್ಟಿದ್ದೇನೆ. ಅದರ ಪಕ್ಕದಲ್ಲಿ ನೀಲಿಯಲ್ಲಿ 23 × 89 ಅಂತ ಬರೆದೆ.

ಮುಂದಿನದು 2¹³ − 1 = 8191 ಅಲ್ವಾ? 4095 ಮೂರರಿಂದ ಹೋಗುತ್ತದೆ, ಅದು ಬೇಡ. 8191ರ ವರ್ಗಮೂಲ 90.5. ಈ ಸಲ 89ರವರೆಗೂ ಎಲ್ಲಾ ಅವಿಭಾಜ್ಯಗಳಿಂದ ಭಾಗಿಸಿಯೇ ತೀರುತ್ತೇನೆ. 2 ಬಿಟ್ಟರೆ ಒಟ್ಟು 23 ಭಾಗಾಕಾರ.

ಹಳೆಯ_ಲೆಕ್ಕ:

ತಡೆಯಿರಿ, 23 ಬೇಡ. ಎರಡೇ ಸಾಕು.

2047ರ ಅಪವರ್ತನಗಳನ್ನೇ ನೋಡಿ. 23 = 22 + 1. 89 = 4 × 22 + 1. ಎರಡೂ 22ರ ಅಪವರ್ತ್ಯಕ್ಕಿಂತ ಒಂದು ಹೆಚ್ಚು. 22 ಅಂದರೆ 11ರ ಎರಡರಷ್ಟು, ಆ 11 ಅಂದರೆ 2047 = 2¹¹ − 1ರಲ್ಲಿರುವ ಘಾತ. ಇದು ಯಾಕೆ ಹೀಗೆ ಅಂತ ಕೈಯಲ್ಲೇ ಮಾಡಿ ನೋಡಬಹುದು. 2ನ್ನು ಎರಡರಷ್ಟು ಮಾಡುತ್ತಾ ಹೋಗಿ, 23 ದಾಟಿದಾಗೆಲ್ಲ 23 ಕಳೆಯಿರಿ:

2, 4, 8, 16, 9, 18, 13, 3, 6, 12, 1

ಹನ್ನೊಂದನೇ ಹೆಜ್ಜೆಗೆ 1 ಬಂತು. ಅದಕ್ಕೇ 2¹¹ − 1 ಅನ್ನುವುದು 23ರಿಂದ ಭಾಗವಾಗುತ್ತದೆ. ಇನ್ನೂ ಮುಂದೆ ಹೋದರೆ ಇದೇ ಹನ್ನೊಂದು ಅಂಕೆಗಳು ಮತ್ತೆ ಸುತ್ತುತ್ತವೆ. ಈ ಕಡೆ ಫರ್ಮಾ ಏನು ಹೇಳುತ್ತಾನೆ? 23 ಅವಿಭಾಜ್ಯ, ಹಾಗಾಗಿ 22ನೇ ಹೆಜ್ಜೆಯಲ್ಲೂ 1 ಬರಬೇಕು. ಹನ್ನೊಂದರ ಸುತ್ತು 22ರೊಳಗೆ ಪೂರ್ತಿ ಸುತ್ತುಗಳಾಗಿ ಹಿಡಿಸಲೇಬೇಕು. ಬೇರೆ ಯಾವ ಅವಿಭಾಜ್ಯ 2047ನ್ನು ಭಾಗಿಸಿದರೂ ಇದೇ ಮಾತು: ಆ ಅವಿಭಾಜ್ಯದಲ್ಲಿ ಒಂದು ಕಳೆದರೆ 11ರಿಂದ ಭಾಗವಾಗಬೇಕು. ಆ ಅವಿಭಾಜ್ಯ ಬೆಸವಾದ್ದರಿಂದ ಒಂದು ಕಳೆದದ್ದು 2ರಿಂದಲೂ ಭಾಗವಾಗಬೇಕು. ಅಂದರೆ 22ರಿಂದ. 11 ಅವಿಭಾಜ್ಯವಾದ್ದರಿಂದಲೇ ಸುತ್ತು ಅದಕ್ಕಿಂತ ಚಿಕ್ಕದಾಗಲು ಸಾಧ್ಯವಿಲ್ಲ.

ಇದು ಗೊತ್ತಿದ್ದಿದ್ದರೆ 2047ಕ್ಕೆ ನೀವು 3, 5, 7 ಯಾವುದನ್ನೂ ಮುಟ್ಟುವ ಅಗತ್ಯವಿರಲಿಲ್ಲ. ಮೊದಲ ಭಾಗಾಕಾರವೇ 23.

8191ಕ್ಕೆ ಘಾತ 13. ಅಭ್ಯರ್ಥಿಗಳು 26ರ ಅಪವರ್ತ್ಯಕ್ಕಿಂತ ಒಂದು ಹೆಚ್ಚು: 27, 53, 79. ಮುಂದಿನದು 105, ಅದು 90 ದಾಟಿತು. 27 ಅವಿಭಾಜ್ಯ ಅಲ್ಲ. ಉಳಿದವು 53 ಮತ್ತು 79. ನೀವೇ ಭಾಗಿಸಿ, ನಾನು ಹೇಳುವುದಿಲ್ಲ.

ಪುಟಕ್ಕೊಂದು_ಸಂಖ್ಯೆ:

53 × 154 = 8162, ಶೇಷ 29.
79 × 103 = 8137, ಶೇಷ 54.

ಅಷ್ಟೇ?! 8191 ಅವಿಭಾಜ್ಯ!

4096 × 8191 = 33550336.

ಇದಕ್ಕೆ ಇಡೀ ಎರಡು ಪುಟ ಕೊಡುತ್ತಿದ್ದೇನೆ. ಸ್ವಲ್ಪ ಟೈಮ್ ಕೊಡಿ.

ಮಗ್ಗಿ_ಮಾತು:

ನಡುವೆ ಬಾಯಿ ಹಾಕುತ್ತಿದ್ದೇನೆ. ಪರಿಪೂರ್ಣ ಸಂಖ್ಯೆಗಳ ಕೊನೆಯ ಅಂಕಿ 6, 8, 6, 8 ಅಂತ ಒಂದಾದ ಮೇಲೊಂದು ಬರುತ್ತದೆ ಅಂತ ಓದಿದ ನೆನಪು. 6, 28, 496, 8128 ನೋಡಿ, ಹಾಗೇ ಇದೆ. ಐದನೆಯದು 6ರಲ್ಲಿ ಮುಗಿಯಬೇಕು. 2096128 ಎಂಟರಲ್ಲಿ ಮುಗಿಯುತ್ತದೆ. ಹಾಗಾದರೆ ಕೊನೆಯ ಅಂಕಿ ನೋಡಿಯೇ ತಳ್ಳಿಹಾಕಬಹುದಿತ್ತಲ್ಲವೇ? 33550336 ಆರರಲ್ಲೇ ಮುಗಿದಿದೆ.

ಹಳೆಯ_ಲೆಕ್ಕ:

ನೀವು ಓದಿದ ಮಾತಿಗೆ ಸುಮಾರು 1900 ವರ್ಷ ವಯಸ್ಸು. ಕ್ರಿ.ಶ. 100ರ ಹೊತ್ತಿಗೆ ನಿಕೊಮಾಕಸ್ ಅನ್ನುವ ಗ್ರೀಕ್ ಗಣಿತಜ್ಞ ಬರೆದದ್ದು. ಅವನಿಗೆ ಗೊತ್ತಿದ್ದದ್ದು ಇದೇ ನಾಲ್ಕು. ಒಂದಂಕಿಯದು ಒಂದು, ಎರಡಂಕಿಯದು ಒಂದು, ಮೂರಂಕಿಯದು ಒಂದು, ನಾಲ್ಕಂಕಿಯದು ಒಂದು. ಇದು ಹೀಗೇ ಮುಂದುವರಿಯುತ್ತದೆ, ಕೊನೆಯಲ್ಲಿ 6 ಮತ್ತು 8 ಸರದಿಯಲ್ಲಿ ಬರುತ್ತವೆ ಅಂದ. ಎರಡೂ ನಿಲ್ಲಲಿಲ್ಲ. ಐದನೆಯದಕ್ಕೆ ಐದಂಕಿ ಇರಬೇಕಿತ್ತು, ಇರುವುದು ಎಂಟಂಕಿ. ಆರನೆಯದು 8589869056. ಅದೂ 6ರಲ್ಲೇ ಮುಗಿಯುತ್ತದೆ, ಸರದಿ ಅಲ್ಲಿಗೆ ಮುರಿಯಿತು. ಸಮ ಪರಿಪೂರ್ಣ ಸಂಖ್ಯೆ 6ರಲ್ಲೋ 8ರಲ್ಲೋ ಮುಗಿಯುತ್ತದೆ ಅನ್ನುವುದಷ್ಟೇ ನಿಜ.

ಅಂಕಿ ನೋಡಿ 2096128ನ್ನು ಹಿಡಿಯಲು ಆಗುವುದಿಲ್ಲ. ಇನ್ನೊಂದು ಪ್ರಯತ್ನ ಮಾಡೋಣ. 6ನ್ನು ಬಿಟ್ಟು ಎಲ್ಲಾ ಸಮ ಪರಿಪೂರ್ಣ ಸಂಖ್ಯೆಗಳಿಗೂ ಅಂಕಿಗಳನ್ನು ಕೂಡುತ್ತಾ ಹೋದರೆ ಕೊನೆಗೆ 1 ಬರುತ್ತದೆ. ಇದಕ್ಕೆ ಪುರಾವೆ ಇದೆ. ಈಗ 33550336ರ ಅಂಕಿಗಳನ್ನು ಕೂಡಿ: 28. ಆಮೇಲೆ 10, ಆಮೇಲೆ 1. ಚೆನ್ನಾಗಿದೆ. 2096128ರದ್ದನ್ನು ಕೂಡಿ: ಅದೂ 28! ಅದಕ್ಕೂ ಕೊನೆಗೆ 1. ಯಾಕೆಂದರೆ ಪುರಾವೆಗೆ ಬೇಕಾಗಿರುವುದು ಘಾತ ಬೆಸವಾಗಿರುವುದು ಮಾತ್ರ. 11 ಬೆಸ, ಅಲ್ಲಿಗೆ ಪಾಸ್. ಘಾತ ಬೆಸವಾದರೆ ಮೊದಲ ಅಪವರ್ತನ 4ರ ಘಾತವಾಗಿರುತ್ತದೆ. 4ರ ಘಾತಗಳನ್ನು 9ರಿಂದ ಭಾಗಿಸಿದರೆ ಶೇಷ 4, 7, 1 ಹೀಗೆ ಸುತ್ತುತ್ತದೆ. ಅದಕ್ಕೆ ಜೋಡಿಯಾಗುವ ಎರಡನೇ ಅಪವರ್ತನದ ಶೇಷ 7, 4, 1. ಗುಣಿಸಿದರೆ 28, 28, 1. ಮೂರರಲ್ಲೂ ಶೇಷ 1.

ಅದಕ್ಕೇ ನಾನು ಮೊದಲು ಅಂದದ್ದು, ದೊಡ್ಡವರೂ ಇಲ್ಲಿ ಎಡವಿದ್ದಾರೆ ಅಂತ. ಯೂಕ್ಲಿಡ್ ತನ್ನ ಗ್ರಂಥದ ಒಂಬತ್ತನೇ ಭಾಗದ ಕೊನೆಯ ಪ್ರಮೇಯದಲ್ಲಿ ಸ್ಪಷ್ಟವಾಗಿ ಹೇಳಿದ್ದಾನೆ: ಎರಡನೇ ಅಪವರ್ತನ ಅವಿಭಾಜ್ಯವಾಗಿದ್ದರೆ ಗುಣಲಬ್ಧ ಪರಿಪೂರ್ಣ. ಎಷ್ಟೋ ಜನ ಆ "ಆಗಿದ್ದರೆ"ಯನ್ನು ಮರೆತು, ಘಾತ ಬೆಸವಾಗಿದ್ದರೆ ಸಾಕು ಅಂದುಕೊಂಡರು. ಹಾಗೆ 130816 ಕೂಡ ಪರಿಪೂರ್ಣ ಅನ್ನಿಸಿಕೊಂಡಿತ್ತು. ಅದು 256 × 511, ಮತ್ತು 511 = 7 × 73 ಅಂತ ನೀವೇ ಮೇಲೆ ಬರೆದಿದ್ದೀರಿ. 2047 = 23 × 89 ಅಂತ ಹುಡಾಲ್ರಿಕಸ್ ರೀಜಿಯಸ್ ತೋರಿಸಿದ್ದು 1536ರಲ್ಲಿ. ಅದೇ ಜಾಗದಲ್ಲಿ ಅವನು 8191 ಅವಿಭಾಜ್ಯ ಅಂತಲೂ ತೋರಿಸಿ 33550336ಕ್ಕೆ ಬಂದ. ಒಂದೇ ಥ್ರೆಡ್‌ನಲ್ಲಿ ನೀವು ನಡೆದ ದಾರಿಯೇ ಅದು.

ಆ ಸಂಖ್ಯೆ ಮಾತ್ರ ಅವನಿಗಿಂತ ಹಳೆಯದು. ಹೆಸರು ಗೊತ್ತಿಲ್ಲದ ಯಾರೋ ಒಬ್ಬರ 15ನೇ ಶತಮಾನದ ಹಸ್ತಪ್ರತಿಯಲ್ಲಿ ಅದು ಇದೆ. ಅದಕ್ಕೂ ಮುಂಚೆ, 13ನೇ ಶತಮಾನದಲ್ಲಿ ತೀರಿಕೊಂಡ ಇಬ್ನ್ ಫಲ್ಲೂಸ್ ಹತ್ತು ಸಂಖ್ಯೆಗಳ ಪಟ್ಟಿ ಕೊಟ್ಟಿದ್ದ. ಅದರಲ್ಲಿ ಮೊದಲ ಏಳು ಸರಿಯಾಗಿವೆ, ಐದನೆಯದು ಇದೇ.

ಶೇಷ_ಸೊನ್ನೆ:

ಒಂದು ಸಣ್ಣ ಸೇರ್ಪಡೆ. ಯೂಕ್ಲಿಡ್ ಹೇಳಿದ್ದು ಒಂದು ದಿಕ್ಕು ಮಾತ್ರ. ಸಮ ಪರಿಪೂರ್ಣ ಸಂಖ್ಯೆಗಳೆಲ್ಲ ಇದೇ ಅಚ್ಚಿನಲ್ಲೇ ಇರಬೇಕು ಅನ್ನುವ ತಿರುಗು ದಿಕ್ಕನ್ನು ಸಾಧಿಸಿದ್ದು ಆಯ್ಲರ್, 18ನೇ ಶತಮಾನದಲ್ಲಿ. ಹಾಗಾಗಿ 8128ರ ನಂತರ 33550336ರವರೆಗೆ ಬೇರೆ ಸಮ ಪರಿಪೂರ್ಣ ಸಂಖ್ಯೆ ಇಲ್ಲ ಅಂತ ಧೈರ್ಯವಾಗಿ ಬರೆಯಬಹುದು. ಬೆಸ ಪರಿಪೂರ್ಣ ಸಂಖ್ಯೆ ಒಂದೂ ಸಿಕ್ಕಿಲ್ಲ. ಇದ್ದರೆ ಅದು 10¹⁵⁰⁰ಕ್ಕಿಂತ ದೊಡ್ಡದಿರಬೇಕು ಅಂತ 2012ರಲ್ಲಿ ತೋರಿಸಿದ್ದಾರೆ.

ಪುಟಕ್ಕೊಂದು_ಸಂಖ್ಯೆ:

ಪುಟ ಮುಗಿಯಿತು. ಪೂರ್ತಿ ಹಾಕುತ್ತಿದ್ದೇನೆ, ಎಲ್ಲಾದರೂ ತಪ್ಪಿದ್ದರೆ ದಯವಿಟ್ಟು ಹೇಳಿ.

33550336 = 2¹² × 8191.

ಎಡಗಡೆ ಭಾಜಕಗಳು. ಮೊದಲ ಸಾಲು 1ರಿಂದ 4096ರವರೆಗೆ, ಹದಿಮೂರು ಸಂಖ್ಯೆಗಳು, ಮೊತ್ತ 8191. ಎರಡನೇ ಸಾಲು ಪೂರ್ತಿ ಬರೆದೆ:

8191, 16382, 32764, 65528, 131056, 262112, 524224, 1048448, 2096896, 4193792, 8387584, 16775168

ಹನ್ನೆರಡು ಸಂಖ್ಯೆಗಳು, ಮೊತ್ತ 33542145. ಅದಕ್ಕೆ 8191 ಸೇರಿಸಿದರೆ 33550336. ಪ್ರೋಗ್ರಾಂ ಕೂಡ ಅದೇ ಹೇಳಿತು. ಈ ಸಲ ಅದನ್ನು ಓಡಿಸುವ ಮುಂಚೆಯೇ ನನಗೆ ಅನುಮಾನ ಇರಲಿಲ್ಲ, 53 ಮತ್ತು 79 ನೋಡಿ ಆಗಿತ್ತು. ಪಟ್ಟಿಯಲ್ಲಿ 2096896 ಬರೆಯುವಾಗ ಮಾತ್ರ ಪೆನ್ನು ಒಂದು ಕ್ಷಣ ನಿಂತಿತು. ಹಳೇ ಪುಟದ 2096128ಕ್ಕೆ ಅಷ್ಟು ಹತ್ತಿರ.

ಬಲಗಡೆ, ಯಾವ ಯಾವ ಗುಂಪು ಅಂತ. ಇದಕ್ಕೆ ನಾನು ಈ ಸಲ ಎರಡು ಅಂಕಣ ಮಾಡಿದೆ. ಸಂಖ್ಯೆಗೇ ಸೇರಿದ ಗುಣಗಳು ಒಂದು ಕಡೆ. ನಾವು ಹತ್ತರ ಲೆಕ್ಕದಲ್ಲಿ ಬರೆಯುವುದರಿಂದ ಬರುವ ಗುಣಗಳು ಇನ್ನೊಂದು ಕಡೆ. ಎರಡೂ ಸಂಖ್ಯೆಗಳ ಅಂಕಿಗಳ ಮೊತ್ತ 28 ಬಂದದ್ದು ನೋಡಿದ ಮೇಲೆ ಇವೆರಡನ್ನೂ ಒಂದೇ ಅಂಕಣದಲ್ಲಿ ಇಡಲು ಮನಸ್ಸು ಬರಲಿಲ್ಲ.

ಎರಡನೇ ಅಂಕಣ ಬೇಗ ಮುಗಿಯಿತು. ಅಂಕಿಗಳ ಮೊತ್ತ 28, ಅದೂ ಪರಿಪೂರ್ಣ ಸಂಖ್ಯೆ, ಚೆನ್ನಾಗಿದೆ ಅಷ್ಟೇ. 28ರಿಂದ ಭಾಗವಾಗುತ್ತದಾ? ಇಲ್ಲ, 7ರಿಂದ ಹೋಗುವುದಿಲ್ಲ. ಹಾಗಾಗಿ ಹರ್ಷದ ಸಂಖ್ಯೆ ಅಲ್ಲ. ಅಂಕಿಗಳ ವರ್ಗಗಳನ್ನು ಕೂಡಿದರೆ 122, ಮತ್ತೆ ಹಾಗೇ ಮಾಡಿದರೆ 9, 81, 65, 61, 37, 58, 89... ಎಂದೂ 1ಕ್ಕೆ ಬರದ ಸುತ್ತಿನಲ್ಲಿ ಸಿಕ್ಕಿಕೊಳ್ಳುತ್ತದೆ. ಹಾಗಾಗಿ ಹ್ಯಾಪಿ ಸಂಖ್ಯೆಯೂ ಅಲ್ಲ.

ಮೊದಲ ಅಂಕಣದಲ್ಲಿ ನಾನು ಒಂದು ಸಂಜೆ ಪೂರ್ತಿ ಕಳೆದೆ.

ಇದು ತ್ರಿಕೋನ ಸಂಖ್ಯೆ. 1 + 2 + 3 ಅಂತ 8191ರವರೆಗೆ ಕೂಡಿದರೆ ಇದೇ ಬರುತ್ತದೆ, ಯಾಕೆಂದರೆ 8191 × 8192ರ ಅರ್ಧ ಅಂದರೆ 8191 × 4096. ಚುಕ್ಕೆಗಳನ್ನು ಸಾಲುಸಾಲಾಗಿ ಜೋಡಿಸಿದರೆ 8191 ಸಾಲಿನ ತ್ರಿಕೋನ. ಷಡ್ಭುಜ ಸಂಖ್ಯೆಯೂ ಹೌದು, 4096ನೆಯದು.

ದ್ವಿಮಾನದಲ್ಲಿ ಬರೆದೆ:

1111111111111000000000000

ಹದಿಮೂರು ಒಂದು, ಹನ್ನೆರಡು ಸೊನ್ನೆ. ಇದನ್ನು ಬರೆದು ತುಂಬಾ ಹೊತ್ತು ನೋಡುತ್ತಾ ಕೂತೆ. ಹತ್ತರ ಲೆಕ್ಕದಲ್ಲಿ 33550336 ಅಂತ ಕಂಡರೆ ಅದರೊಳಗೆ ಏನಿದೆ ಅಂತ ಗೊತ್ತೇ ಆಗುವುದಿಲ್ಲ. ಇಲ್ಲಿ ಎಲ್ಲಾ ಬಯಲು. ಇದೂ ಬರೆಯುವ ವಿಧಾನವೇ, ನನ್ನ ನಿಯಮದ ಪ್ರಕಾರ ಎರಡನೇ ಅಂಕಣಕ್ಕೆ ಹೋಗಬೇಕಿತ್ತು. ಆದರೂ ಮೊದಲನೆಯದರಲ್ಲೇ ಇಟ್ಟೆ, ಈ ಸಂಖ್ಯೆ ಹುಟ್ಟಿದ್ದೇ 2ರಿಂದ.

ಬೆಸ ಸಂಖ್ಯೆಗಳ ಘನಗಳು. ಇದು ನನಗೆ ಎಲ್ಲಕ್ಕಿಂತ ಇಷ್ಟವಾಯಿತು. 28 = 1³ + 3³. 496 = 1³ + 3³ + 5³ + 7³. 8128ಕ್ಕೆ 15³ವರೆಗೆ ಎಂಟು ಘನ. 33550336ಕ್ಕೆ 1³ರಿಂದ 127³ವರೆಗೆ 64 ಘನಗಳು. ಎರಡು, ನಾಲ್ಕು, ಎಂಟು ಆದಮೇಲೆ ಸೀದಾ 64! ನಡುವೆ 16 ಮತ್ತು 32 ಬಿಟ್ಟುಹೋಗಿವೆ. 16ಕ್ಕೆ ಬರುವುದು 130816. 32ಕ್ಕೆ ಬರುವುದು ಯಾವುದು ಗೊತ್ತಾ? ನನ್ನ 2096128. 1³ರಿಂದ 63³ವರೆಗೆ. ಪರಿಪೂರ್ಣ ಅಲ್ಲದಿದ್ದರೂ ಇದೇ ಮನೆತನದ್ದು. ಹಳೇ ಪುಟಕ್ಕೆ ಹೋಗಿ ಅದನ್ನೂ ಬರೆದು ಬಂದೆ.

ಹಳೆಯ_ಲೆಕ್ಕ:

ಎಲ್ಲಾ ಸರಿ ಇದೆ. ಎರಡು ಸೇರಿಸಿಕೊಳ್ಳಿ. ಎಲ್ಲಾ 26 ಭಾಜಕಗಳ ವಿಲೋಮಗಳನ್ನು (1/1, 1/2, 1/4 ಹೀಗೆ) ಕೂಡಿದರೆ ಸರಿಯಾಗಿ 2 ಬರುತ್ತದೆ. ಇದು ಪ್ರತಿ ಪರಿಪೂರ್ಣ ಸಂಖ್ಯೆಗೂ ನಿಜ. ಅದರಿಂದ ಭಾಜಕಗಳ ಹರಾತ್ಮಕ ಸರಾಸರಿ (ಎಣಿಕೆಯನ್ನು ವಿಲೋಮಗಳ ಮೊತ್ತದಿಂದ ಭಾಗಿಸಿದ್ದು) 26ರ ಅರ್ಧ, ಅಂದರೆ 13. ನಿಮ್ಮ ಘಾತ 13 ಮತ್ತೆ ಈ ಕಡೆಯಿಂದ ಬಂತು ನೋಡಿ. ಇನ್ನೊಂದು, 33550336ಕ್ಕಿಂತ ಚಿಕ್ಕದಾದ ಯಾವ ಪೂರ್ಣಸಂಖ್ಯೆ ಕೊಟ್ಟರೂ ಅದನ್ನು ಇದರ ಬೇರೆ ಬೇರೆ ಭಾಜಕಗಳ ಮೊತ್ತವಾಗಿ ಬರೆಯಬಹುದು. 8191ರಿಂದ ಭಾಗಿಸಿ. ಶೇಷವನ್ನು ಮೊದಲ ಸಾಲಿನಿಂದ ತೆಗೆಯಿರಿ, ಭಾಗಲಬ್ಧವನ್ನು ಎರಡನೇ ಸಾಲಿನಿಂದ.

ಮಗ್ಗಿ_ಮಾತು:

ಇಂಥವು ಒಟ್ಟು ಎಷ್ಟು ಸಿಕ್ಕಿವೆ? ಆರನೆಯದು ಯಾರು ಕಂಡುಹಿಡಿದದ್ದು?

ಹಳೆಯ_ಲೆಕ್ಕ:

ಆರು ಮತ್ತು ಏಳನೆಯದನ್ನು 1588ರಲ್ಲಿ ಕಟಾಲ್ಡಿ ಸಾಧಿಸಿದ, ಭಾಗಾಕಾರ ಮಾಡಿಯೇ. ಎಂಟನೆಯದು ಆಯ್ಲರ್, 1772. ಈವರೆಗೆ ಗೊತ್ತಿರುವುದು 52. ಕೊನೆಯದು 2024ರ ಅಕ್ಟೋಬರ್‌ನಲ್ಲಿ ಪ್ರಕಟವಾಯಿತು, ಘಾತ 136279841. ಅದರ ಅವಿಭಾಜ್ಯಕ್ಕೇ 41024320 ಅಂಕಿ. ಪರಿಪೂರ್ಣ ಸಂಖ್ಯೆಗೆ ಅದರ ಎರಡರಷ್ಟು.

ಪುಟಕ್ಕೊಂದು_ಸಂಖ್ಯೆ:

ಕಟಾಲ್ಡಿಯ ಆರನೆಯದನ್ನು ನಾನೂ ಮಾಡಿ ನೋಡಿದೆ. 2¹⁷ − 1 = 131071. ವರ್ಗಮೂಲ 362. ಘಾತ 17, ಹಾಗಾಗಿ 34ರ ಅಪವರ್ತ್ಯಕ್ಕಿಂತ ಒಂದು ಹೆಚ್ಚು ಇರುವವು: 35, 69, 103, 137, 171, 205, 239, 273, 307, 341. ಇದರಲ್ಲಿ ಅವಿಭಾಜ್ಯಗಳು ನಾಲ್ಕೇ.

103 × 1272 = 131016, ಶೇಷ 55.
137 × 956 = 130972, ಶೇಷ 99.
239 × 548 = 130972, ಶೇಷ 99.
307 × 426 = 130782, ಶೇಷ 289.

131071 ಅವಿಭಾಜ್ಯ. ಕೆಂಪು ಗೆರೆ ಹಾಕಬಹುದು.

ಆದರೆ ಎರಡನೇ ಮತ್ತು ಮೂರನೇ ಸಾಲು ನೋಡಿ. ಎರಡರಲ್ಲೂ 130972, ಎರಡರಲ್ಲೂ ಶೇಷ 99. ಮೇಲಿನ ಸಾಲನ್ನೇ ತಪ್ಪಾಗಿ ನಕಲು ಮಾಡಿದೆನೇನೋ ಅಂತ ಪೂರ್ತಿ ಅಳಿಸಿ ಮತ್ತೆ ಮಾಡಿದೆ. ಮತ್ತೆ 99. ಆಮೇಲೆ ಭಾಗಲಬ್ಧಗಳ ಕಡೆ ಕಣ್ಣು ಹೋಯಿತು. 956 ಅಂದರೆ 4 × 239. 548 ಅಂದರೆ 4 × 137. 130972 = 4 × 137 × 239. ಎರಡೂ ಅವಿಭಾಜ್ಯಗಳು ಒಂದೇ ಸಂಖ್ಯೆಯ ಹತ್ತಿರ ಬಂದು ನಿಂತಿವೆ, 131071ಕ್ಕೆ 99 ಬಾಕಿ ಇರುವಾಗ.

130972ಕ್ಕೂ ಒಂದು ಪುಟ ತೆಗೆದಿದ್ದೇನೆ. ಅದರ ಭಾಜಕಗಳು ಹನ್ನೆರಡು. ಈಗ ಕೂಡುತ್ತಿದ್ದೇನೆ.